ಮಹಡಿ ಹತ್ತದ ಕಾಗದ

ಕಚೇರಿಯಲ್ಲಿ ಅವರಿಗೆ ಮಹಡಿಯಣ್ಣ ಎಂದೇ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದನ್ನು ಅಲ್ಲಿಂದ ಹೊರಗೆ ತೆಗೆದವರಿಲ್ಲ. ಊರಿನ ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅಳೆಯುವ ಸಣ್ಣ ಸರ್ಕಾರಿ ಕಚೇರಿ ನಮ್ಮದು. ನಾಲ್ಕು ಕಟ್ಟಡಗಳ ಛಾವಣಿಯ ಮೇಲೆ ನಾಲ್ಕು ಯಂತ್ರಗಳಿದ್ದವು. ಯಂತ್ರದೊಳಗೆ ಬಿಳಿ ಕಾಗದ ಹಾಕಿ ಬರುವುದು, ಮರುದಿನ ಅದೇ ಹೊತ್ತಿಗೆ ಹೋಗಿ ಬೂದುಬಣ್ಣಕ್ಕೆ ತಿರುಗಿದ ಕಾಗದವನ್ನು ತೆಗೆದುಕೊಂಡು ಬರುವುದು, ಇದು ಅವರ ಕೆಲಸ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದರು. ಒಂದು ಸಲ ನಾನು, "ಅಣ್ಣ, ನೀವು ಹತ್ತಿದ ಮೆಟ್ಟಿಲನ್ನೆಲ್ಲ ಒಂದರ ಮೇಲೊಂದು ಇಟ್ಟಿದ್ರೆ ಇಷ್ಟೊತ್ತಿಗೆ ಚಂದ್ರನ ಹತ್ರ ಹೋಗಿರ್ತಿದ್ರಿ" ಎಂದೆ.

"ಹೋದ್ರೆ ಏನು ಬಂತು ತಂಗಿ. ಅಲ್ಲೂ ಕಾಗದ ಬದಲಾಯಿಸು ಅಂತಾರೆ" ಎಂದರು.

ನಾನು ತೂಕದ ಕೋಣೆಯವಳು. ಅವರು ತಂದ ಕಾಗದವನ್ನು ಒಂದು ದಿನ ತೇವ ಹೀರುವ ಗಾಜಿನ ಡಬ್ಬಿಯಲ್ಲಿಟ್ಟು, ಆಮೇಲೆ ತಕ್ಕಡಿಗೆ ಹಾಕಿ, ಹೋಗುವ ಮೊದಲಿನ ತೂಕವನ್ನು ಕಳೆದರೆ ಉಳಿಯುವುದು ಧೂಳು. ಅದನ್ನು ಯಂತ್ರ ಎಳೆದುಕೊಂಡ ಗಾಳಿಯಿಂದ ಭಾಗಿಸಿದರೆ ಊರಿನ ಉಸಿರಿನ ಹಣೆಬರಹ. ತಕ್ಕಡಿ ಕಲ್ಲುಚಪ್ಪಡಿಯ ಮೇಲೆ ಗಾಜಿನ ಮನೆಯೊಳಗೆ ಕೂತಿರುತ್ತದೆ. ಜೋರಾಗಿ ಉಸಿರು ಬಿಟ್ಟರೂ ಕೊನೆಯ ಅಂಕಿ ಕುಣಿಯುತ್ತದೆ. ಹಾಗಾಗಿ ಫ್ಯಾನು ಹಾಕುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ, ಸೀನುವಂತಿಲ್ಲ. ಹತ್ತೊಂಬತ್ತು ವರ್ಷ ಆ ಕೋಣೆಯಲ್ಲಿ ಬೆವರು ಸುರಿಸುತ್ತ ಕೂತದ್ದಕ್ಕೇ ನನಗೆ ಇಷ್ಟು ಸಿಡುಕು ಬಂದಿರಬೇಕು. ನಮ್ಮ ಅಮ್ಮ ಮಾತ್ರ, ಹುಟ್ಟಿದಾಗಿನಿಂದಲೇ ಇತ್ತು ಅನ್ನುತ್ತಾರೆ.

ಮಹಡಿಯಣ್ಣ ನನ್ನ ಕೋಣೆಯೊಳಗೆ ಒಂದು ದಿನವೂ ಬಂದವರಲ್ಲ. ಅವರ ಬಟ್ಟೆಯಲ್ಲಿ ಛಾವಣಿಯ ಧೂಳಿರುತ್ತಿತ್ತು. ಹೊಸ್ತಿಲ ಹೊರಗೆ ನಿಂತು ಲಕೋಟೆ ಚಾಚುತ್ತಿದ್ದರು, ನಾನು ಕೈಗವಸು ಹಾಕಿಕೊಂಡು ತೆಗೆದುಕೊಳ್ಳುತ್ತಿದ್ದೆ. ನಾನು ಅವರ ಛಾವಣಿಗಳನ್ನು ಕಂಡವಳಲ್ಲ, ಅವರು ನನ್ನ ತಕ್ಕಡಿಯನ್ನು ಕಂಡವರಲ್ಲ. ಆದರೂ ಸ್ವಂತ ಅಣ್ಣನಿಗಿಂತ ಹೆಚ್ಚು ಅವರ ಜೊತೆ ಮಾತಾಡಿದ್ದೇನೆ. ನನ್ನ ಸ್ವಂತ ಅಣ್ಣನನ್ನು ನೋಡಿದವರು ಇದರಲ್ಲಿ ಆಶ್ಚರ್ಯಪಡುವುದಿಲ್ಲ.

ನಾಲ್ಕು ಛಾವಣಿಗಳಲ್ಲಿ ಮೂರು ಸಾಧಾರಣವಾದವು: ಒಂದು ಚಿಕಿತ್ಸಾಲಯ, ಒಂದು ಶಾಲೆ, ಒಂದು ಗೋದಾಮು. ನಾಲ್ಕನೆಯದು ಹಳೆಯ ಟೆಲಿಫೋನ್ ಕಟ್ಟಡ, ಐದು ಅಂತಸ್ತು, ನೂರ ನಾಲ್ಕು ಮೆಟ್ಟಿಲು. ಲಿಫ್ಟು ಇತ್ತು, ಅದರೊಳಗೆ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ಆ ಕಟ್ಟಡದ ಎದುರಿಗೇ ವಿದ್ಯುತ್ ಸ್ಥಾವರ. ಕಲ್ಲಿದ್ದಲು ಸುಟ್ಟು ಊರಿಗೆಲ್ಲ ಕರೆಂಟು ಕೊಡುವ ಸ್ಥಾವರದಲ್ಲಿ ಎರಡನೇ ಘಟಕ ಎಲ್ಲಕ್ಕಿಂತ ಹಳೆಯದು. ಅದರ ಬೂದಿ ಹಿಡಿಯುವ ಯಂತ್ರ ಯಾವ ಕಾಲದಲ್ಲೋ ಕೆಟ್ಟಿತ್ತು. ಹಿಡಿಯದ ಬೂದಿ ಚಿಮಣಿಯಿಂದ ಹೊರಟು, ಗಾಳಿ ಬೀಸಿದ ಕಡೆಗೆ ಹೋಗಿ, ನಿಧಾನವಾಗಿ ಇಳಿಯುತ್ತಿತ್ತು. ಹೆಚ್ಚಾಗಿ ಇಳಿಯುತ್ತಿದ್ದುದು ಟೆಲಿಫೋನ್ ಕಟ್ಟಡದ ಹಿಂದಿನ ಬೀದಿಯ ಮೇಲೆ. ಆ ಬೀದಿಯ ಮೂರನೇ ಮನೆಯೇ ಮಹಡಿಯಣ್ಣನದು.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅತ್ತಿಗೆ ಮನೆಯಲ್ಲೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವರು. ಬೂದಿ ಬೀಳುವ ಬೀದಿಯಲ್ಲಿ ಬಿಳಿ ಬಟ್ಟೆ ಒಣಗಿಸುವ ಕೆಲಸ. ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಅಂಗಿ ಮಧ್ಯಾಹ್ನಕ್ಕೆ ಮಾಸಲಾಗಿರುತ್ತಿತ್ತು. ಮತ್ತೆ ಒಗೆಯಬೇಕು. ಒಳಗೆ ಒಣಹಾಕಿದರೆ ಮುಗ್ಗು ವಾಸನೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. "ನನ್ನ ಇಸ್ತ್ರಿ ಪೆಟ್ಟಿಗೆ ಬಿಸಿಯಾಗೋದು ಅದೇ ಚಿಮಣಿಯಿಂದ, ಬಟ್ಟೆ ಕೊಳೆಯಾಗೋದೂ ಅದರಿಂದಲೇ. ಯಾರನ್ನ ಬೈಯಲಿ?" ಎಂದು ಕೇಳುತ್ತಿದ್ದರು. ಆದರೂ ಬೈಯುತ್ತಿದ್ದರು. ಬೀದಿಯ ಹನ್ನೆರಡು ಮನೆಯವರು ಸೇರಿ ಸ್ಥಾವರದ ಮೇಲೆ ದೂರು ಕೊಟ್ಟಾಗ ಎರಡನೇ ಸಹಿ ಅವರದೇ. ಮೊದಲ ಸಹಿ ಎದುರುಮನೆಯ ನಿವೃತ್ತ ಟೀಚರಮ್ಮನದು, ಅವರೇ ಎಲ್ಲರನ್ನೂ ಸೇರಿಸಿದವರು.

ಬೇಡಿಕೆ ಒಂದೇ. ಎರಡನೇ ಘಟಕಕ್ಕೆ ಬೂದಿ ಹಿಡಿಯುವ ಹೊಸ ಯಂತ್ರ ಕೂರಿಸಿ. ಸ್ಥಾವರದವರ ಉತ್ತರವೂ ಒಂದೇ. ಕೂರಿಸಬೇಕಾದರೆ ಘಟಕವನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕು, ಊರಿಗೆ ಕರೆಂಟು ಸಾಲುವುದಿಲ್ಲ, ಅಷ್ಟಕ್ಕೂ ಆ ಧೂಳು ನಮ್ಮದೇ ಎಂದು ಏನು ಗ್ಯಾರಂಟಿ? ಗ್ಯಾರಂಟಿ ನಮ್ಮ ಕಚೇರಿಯಲ್ಲಿತ್ತು. ದೂರಿಗೆ ಹಿಂದಿನ ಆರು ವರ್ಷ ಟೆಲಿಫೋನ್ ಕಟ್ಟಡದ ಮೇಲೆ ತೆಗೆದ ಅಳತೆ. ಮಿತಿ ನೂರು ಎಂದಿಟ್ಟುಕೊಂಡರೆ ಅಲ್ಲಿನ ಸರಾಸರಿ ನೂರ ಎಪ್ಪತ್ತೊಂಬತ್ತು. ಮಹಡಿಯಣ್ಣ ಹತ್ತಿ ಇಳಿದು ತಂದದ್ದು, ನಾನು ತೂಗಿ ಬರೆದದ್ದು.

ಈಗ ಖಾಲಿ ಕಾಗದದ ವಿಷಯ ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳಬೇಕು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಹದಿನೈದು ದಿನಕ್ಕೊಮ್ಮೆ, ಯಂತ್ರ ನಿಂತಿರುವ ದಿನ, ತೂಗಿದ ಒಂದು ಹೊಸ ಕಾಗದವನ್ನು ಪ್ರತಿ ಛಾವಣಿಗೂ ಒಯ್ಯಬೇಕು. ಯಂತ್ರದೊಳಗೆ ಇಡಬೇಕು, ಮುಚ್ಚಬೇಕು, ಯಂತ್ರ ಚಾಲೂ ಮಾಡದೆ ಕಾಲು ಗಂಟೆ ಬಿಟ್ಟು ಹಾಗೆಯೇ ತೆಗೆದು ತರಬೇಕು. ಅದು ಗಾಳಿ ಎಳೆದಿಲ್ಲ, ಕೆಲಸ ಮಾಡಿಲ್ಲ, ಸುಮ್ಮನೆ ಹೋಗಿ ಬಂದಿದೆ ಅಷ್ಟೆ. ತಂದು ತೂಗಿದಾಗ ಅದರಲ್ಲಿ ಏನಾದರೂ ಹೆಚ್ಚಿದ್ದರೆ, ಅದು ನಮ್ಮ ಕೈಯಿಂದ, ಲಕೋಟೆಯಿಂದ, ದಾರಿಯಿಂದ ಅಂಟಿದ್ದು. ಅಷ್ಟನ್ನು ಉಳಿದ ಕಾಗದಗಳ ಲೆಕ್ಕದಿಂದ ಕಳೆಯಬೇಕು. ಅಂದರೆ ನಮ್ಮನ್ನೇ ನಾವು ತೂಗಿಕೊಳ್ಳುವ ಕಾಗದ ಅದು. ಅದಿಲ್ಲದಿದ್ದರೆ ಅಳತೆ ಊರಿನದೋ ನಮ್ಮದೋ ಹೇಳುವುದು ಕಷ್ಟ.

ಒಂದು ಕಾಗದದ ಭಾರ ಏನಿದ್ದೀತು? ಭಾರವಲ್ಲ, ಮೆಟ್ಟಿಲು. ಯಂತ್ರ ನಿಂತಿರುವ ದಿನ ಅವರಿಗೆ ಅಲ್ಲಿ ಬೇರೆ ಕೆಲಸವಿಲ್ಲ. ಆ ಒಂದು ಕಾಗದಕ್ಕಾಗಿಯೇ ನೂರ ನಾಲ್ಕು ಹತ್ತಿ ನೂರ ನಾಲ್ಕು ಇಳಿಯಬೇಕು. ದೂರಿಗೆ ಆರು ವರ್ಷ ಮೊದಲೇ ಅವರ ಎರಡೂ ಮೊಣಕಾಲು ಹೋಗಿದ್ದವು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರಂತೆ. ಇವರು ಸಾಹೇಬರಿಗೆ ಚೀಟಿ ತೋರಿಸಿದರು. ಸಾಹೇಬರು ಚೀಟಿಯನ್ನು ಫೈಲಿಗೆ ಹಾಕಿದರು. ನಮ್ಮ ಸಾಹೇಬರು ಯಾವ ಕಾಗದವನ್ನೂ ಎಸೆದವರಲ್ಲ, ಓದಿದವರೂ ಅಲ್ಲ.

ಒಂದು ದಿನ ಅವರು ನನ್ನ ಕೋಣೆಯ ಹೊಸ್ತಿಲಾಚೆ ನೆಲದ ಮೇಲೆ ಕೂತುಬಿಟ್ಟರು. ಪ್ಯಾಂಟಿನ ಕಾಲು ಮೇಲಕ್ಕೆಳೆದು ತೋರಿಸಿದರು. ಮೊಣಕಾಲು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗದ ಹಾಗೆ ಊದಿತ್ತು. ಕೈಯಲ್ಲಿ ಅವತ್ತಿನ ಖಾಲಿ ಕಾಗದದ ಲಕೋಟೆ ಇತ್ತು.

"ಇದೊಂದು ಹೋಗಿ ಬಂದ್ರೆ ಇವತ್ತಿಗೆ ಮುಗೀತು" ಎಂದರು. ಆದರೆ ಏಳಲಿಲ್ಲ.

"ಖಾಲಿ ಕಾಗದ ತಾನೇ ಅಣ್ಣ. ಅದು ಮೇಲೆ ಹೋಗಿ ಏನು ಕಡಿಯುತ್ತೆ? ಇಲ್ಲೇ ಡಬ್ಬೀಲಿ ಇರಲಿ ಬಿಡಿ. ನಾನು ಎರಡು ಸಲ ತೂಗಿ ಬರ್ಕೊಳ್ತೀನಿ" ಎಂದೆ.

"ತಪ್ಪಲ್ವಾ ತಂಗಿ?"

"ಯಾರಿಗೆ ತಪ್ಪು? ಧೂಳಿಗಾ?"

ಅವರು ಆ ಹೊತ್ತು ಒಪ್ಪಲಿಲ್ಲ. ಗೋಡೆ ಹಿಡಿದು ಎದ್ದು ಹೋದರು. ಆದರೆ ಮುಂದಿನ ಸಲ ಲಕೋಟೆಯನ್ನು ಒಯ್ಯಲಿಲ್ಲ, ನಾನೂ ನೆನಪಿಸಲಿಲ್ಲ. ಇಟ್ಟ ಹೊತ್ತು, ತೆಗೆದ ಹೊತ್ತು ಎಂದು ಪುಸ್ತಕದಲ್ಲಿ ಅವರು ಬರೆದರು, ತೂಕ ನಾನು ಬರೆದೆ. ಮೊದಲ ಸಲ ಇಬ್ಬರೂ ಬಾಗಿಲ ಕಡೆ ನೋಡಿಕೊಂಡೇ ಬರೆದೆವು. ಮೂರನೆಯ ಸಲಕ್ಕೆ ಅದೇ ಪದ್ಧತಿಯಾಯಿತು. ಆರು ವರ್ಷ ಹೀಗೇ ಕಳೆಯಿತು.

ಹೀಗಿರುವಾಗ ದೂರಿನ ವಿಚಾರಣೆ ಬಂತು. ಮೂರು ದಿನ, ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ. ಉದ್ದ ಮೇಜಿನ ತುದಿಯಲ್ಲಿ ವಿಚಾರಣಾಧಿಕಾರಿ, ಒಂದು ಮಗ್ಗುಲಲ್ಲಿ ಬೀದಿಯವರು, ಇನ್ನೊಂದು ಮಗ್ಗುಲಲ್ಲಿ ಸ್ಥಾವರದವರು. ಸ್ಥಾವರದವರು ಒಬ್ಬ ರಸಾಯನತಜ್ಞರನ್ನು ಕರೆಸಿದ್ದರು. ಬಿಳಿ ಕೂದಲಿನ, ಮೆಲುದನಿಯ ಮುದುಕರು. ನಮ್ಮ ಪುಸ್ತಕಗಳನ್ನು ಎರಡು ದಿನ ಮೂಲೆಯಲ್ಲಿ ಕೂತು ಓದಿದರು. ನನಗೆ ಎರಡು ಸಲ "ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ" ಎಂದರು. ಇಂಥವರನ್ನು ಕಂಡರೆ ನನಗೆ ಮೊದಲೇ ಭಯ. ಕೂಗಾಡುವವರ ಜೊತೆ ನಾನೂ ಕೂಗಾಡಬಲ್ಲೆ.

ಮೂರನೆಯ ದಿನ ಬೆಳಿಗ್ಗೆ ಅವರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು ತೆಗೆದರು. "ಅಳತೆ ಬಹಳ ಶಿಸ್ತಾಗಿದೆ. ನಾನೂ ಚಿಕ್ಕ ವಯಸ್ಸಲ್ಲಿ ಛಾವಣಿ ಹತ್ತಿ ಕಾಗದ ಬದಲಾಯಿಸಿದವನೇ. ಒಂದೇ ಒಂದು ಸಂದೇಹ. ಆರು ವರ್ಷದಲ್ಲಿ ಟೆಲಿಫೋನ್ ಕಟ್ಟಡಕ್ಕೆ ನೂರ ಐವತ್ತಾರು ಖಾಲಿ ಕಾಗದ ಹೋಗಿವೆ. ಒಂದರ ತೂಕವೂ ಬದಲಾಗಿಲ್ಲ. ಕೊನೆ ಅಂಕಿ ಒಂದು ಆಚೆ, ಒಂದು ಈಚೆ, ಅಷ್ಟೇ. ಅಲ್ಲಿ ಬೂದಿ ಸುರೀತಿದೆ ಅಂತ ತಾನೇ ದೂರು? ಬೂದಿ ಸುರಿಯೋ ಕಡೆ ಹೋಗಿ ಬಂದ ಕಾಗದ ಇಷ್ಟು ಶುಭ್ರವಾಗಿ ಹೇಗೆ ಬರುತ್ತೆ? ಮಧ್ಯಾಹ್ನ ಕಾಗದ ಒಯ್ದವರನ್ನೇ ಕೇಳೋಣ."

ನಾವು ಸುಳ್ಳನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೆವೆಂದರೆ ಆ ಅಚ್ಚುಕಟ್ಟೇ ನಮ್ಮನ್ನು ಹಿಡಿದುಕೊಟ್ಟಿತ್ತು.

ಊಟದ ಬಿಡುವಿನಲ್ಲಿ ಮಹಡಿಯಣ್ಣನನ್ನು ಮೆಟ್ಟಿಲ ಹಿಂದೆ ಹಿಡಿದೆ. "ಹೋಗಿತ್ತು ಅನ್ನಿ. ಅಷ್ಟೇ. ಯಾರೂ ನೋಡಿಲ್ಲ, ಯಾರೂ ಸಾಬೀತು ಮಾಡಕ್ಕಾಗಲ್ಲ. ನಾನು ಚೆನ್ನಾಗಿ ಪೊಟ್ಟಣ ಕಟ್ತಿದ್ದೆ ಅಂತ ನಾನು ಹೇಳ್ತೀನಿ."

ಅವರು ಗೋಡೆಗೊರಗಿ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತಿದ್ದರು.

"ಹೋಗಿಲ್ಲ ಅಂದ್ರೆ ಏನಾಗುತ್ತೆ?" ಎಂದು ಕೇಳಿದರು.

"ಆರು ವರ್ಷದ ಅಳತೆ ಕಸದ ಬುಟ್ಟಿಗೆ. ಸ್ಥಾವರದವರು ಕುಣ್ಕೊಂಡು ಮನೆಗೆ ಹೋಗ್ತಾರೆ. ನಿಮ್ಮ ಬೀದಿ ಇನ್ನೆಷ್ಟು ವರ್ಷ ಬೂದಿ ತಿನ್ನಬೇಕೋ. ಅತ್ತಿಗೆ ಅಲ್ಲೇ ಕೂತಿದಾರೆ, ನೋಡಿದ್ರಾ? ಉಳಿದ ಕಾಗದ ಎಲ್ಲಾ ನಿಜ ಅಣ್ಣ! ಈ ಒಂದು ಮಾತು ಸುಳ್ಳಾದ್ರೆ ಏನು?"

"ಹೂಂ" ಎಂದರು. ಆ ಹೂಂಗೆ ಏನರ್ಥ ಎಂದು ನನಗೆ ತಿಳಿಯಲಿಲ್ಲ. ಒಪ್ಪಿದರು ಎಂದುಕೊಂಡೆ.

ಮಧ್ಯಾಹ್ನ ಅವರು ಪ್ರಮಾಣ ಮಾಡಿ ಕುರ್ಚಿಯಲ್ಲಿ ಕೂತರು. ರಸಾಯನತಜ್ಞರು ಮೆಲ್ಲಗೆ ಕೇಳಿದರು, "ಆ ಖಾಲಿ ಕಾಗದಗಳು ಮಹಡಿ ಹತ್ತಿದ್ವಾ?"

ಅವರು ನೀರು ಕೇಳಿದರು. ಕುಡಿದರು. ನನ್ನ ಕಡೆ ನೋಡಲಿಲ್ಲ, ಅತ್ತಿಗೆಯ ಕಡೆಗೂ ನೋಡಲಿಲ್ಲ.

"ಇಲ್ಲ. ಹತ್ತಿಲ್ಲ" ಎಂದರು.

"ಒಂದೂ?"

"ಒಂದೂ ಇಲ್ಲ. ಮೊಣಕಾಲು ನೋವಿತ್ತು. ಕೆಳಗೇ ಇಟ್ಟೆ."

ಅಧಿಕಾರಿ ಮುಂದಕ್ಕೆ ಬಾಗಿ, "ತೂಕದ ಕೋಣೆಯವರಿಗೆ ಇದು ಗೊತ್ತಿತ್ತೇ?" ಎಂದರು.

"ಇಲ್ಲ. ನಾನು ಕೊಟ್ಟಿದ್ದನ್ನ ಅವರು ತೂಗಿದಾರೆ. ಕಾಗದ ಎಲ್ಲಿಗೆ ಹೋಗಿತ್ತು ಅಂತ ತಕ್ಕಡಿ ಹೇಳಲ್ಲ ಸ್ವಾಮಿ."

ಅಧಿಕಾರಿ ನನ್ನ ಕಡೆ ತಿರುಗಿ, "ಇದು ಸರಿಯೇ?" ಎಂದು ಕೇಳಿದರು. ಹತ್ತೊಂಬತ್ತು ವರ್ಷ ಮಿಲಿಗ್ರಾಮಿನ ಹತ್ತನೇ ಒಂದು ಪಾಲಿಗೂ ಜಗಳವಾಡಿದ ನಾನು, "ಸರಿ" ಎಂದೆ. ಆ ದಿನ ಅವರು ಆಡಿದ್ದು ಅದೊಂದೇ ಸುಳ್ಳು, ಅದೂ ನನಗಾಗಿ. ನಾನು ಆಡಿದ್ದು ಒಂದೇ ಪದ, ಅದು ಸುಳ್ಳು. ಬೇರೆಯವರ ಬಗ್ಗೆ ಇಷ್ಟು ಮಾತಾಡುವ ನನ್ನ ಬಾಯಿ ಅವತ್ತು ಅಷ್ಟಕ್ಕೇ ನಿಂತಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂಜೆಯೊಳಗೆ ಆದೇಶವಾಯಿತು. ಆರು ವರ್ಷದ ಅಳತೆಯನ್ನು ಪರಿಗಣಿಸುವಂತಿಲ್ಲ. ಟೆಲಿಫೋನ್ ಕಟ್ಟಡದ ಮೇಲೆ ಹೊಸದಾಗಿ ಒಂದು ವರ್ಷ, ಒಂದೂ ತಪ್ಪದಂತೆ ಅಳೆಯಬೇಕು, ಖಾಲಿ ಕಾಗದ ಸಹಿತ. ತೂಕವನ್ನು ಬೇರೆ ಊರಿನ ಪ್ರಯೋಗಾಲಯ ಮಾಡಬೇಕು. ಅಲ್ಲಿಯವರೆಗೆ ದೂರು ಹಾಗೇ ಇರಲಿ. ಹೊರಗೆ ಬರುವಾಗ ಟೀಚರಮ್ಮ ಮಹಡಿಯಣ್ಣನನ್ನು ತಡೆದು, "ನೀವು ನಮ್ಮ ಬೀದಿಯವರು ಅಂತ ನಂಬಿದ್ವಲ್ಲಪ್ಪ" ಎಂದರು. ಅದರಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಅವರಿಗೂ ಹಗುರವಾಗುತ್ತಿತ್ತು.

ಬೀದಿಯಲ್ಲಿ ಅವರ ಜೊತೆ ಮಾತು ನಿಂತಿತು. ಕಚೇರಿಯಲ್ಲಿ ಸಾಹೇಬರು ಒಂದು ಮೆಮೊ ಕೊಟ್ಟು, "ನಿಮ್ಮಿಂದಾಗಿ ನನಗೆ ಮುಖ ಎತ್ತಕ್ಕಾಗ್ತಿಲ್ಲ" ಎಂದರು. ಡಾಕ್ಟರ ಚೀಟಿ ಫೈಲಿನಲ್ಲಿ ಹಾಗೇ ಇತ್ತು. ಹೊಸ ವರ್ಷದ ಅಳತೆಗೂ ಅವರನ್ನೇ ಹಾಕಿದರು. ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ನನಗೆ ಯಾರೂ ಏನೂ ಅನ್ನಲಿಲ್ಲ. ಪಾಪ, ಮೋಸಹೋದವಳು ಎಂದು ಒಬ್ಬರು ಟೀ ತರಿಸಿಕೊಟ್ಟರು.

ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ಅವರ ಮನೆಗೆ ಹೋದೆ. ಮಹಡಿಯಣ್ಣ ಇರಲಿಲ್ಲ, ಛಾವಣಿಗೆ ಹೋಗಿದ್ದರು. ಮನೆ ಎರಡು ಕೋಣೆಯದು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಮಡಚಿದ ಬಟ್ಟೆ, ಕಿಟಕಿಯ ಸಂದಿಗೆ ತುರುಕಿದ ಒದ್ದೆ ಬಟ್ಟೆ. ಅತ್ತಿಗೆ ಒಂದು ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದರು. ನನ್ನನ್ನು ನೋಡಿ ಸ್ಟೂಲಿನ ಮೇಲಿದ್ದ ಬಟ್ಟೆ ಎತ್ತಿದರು. ಕೂತೆ.

"ಅವತ್ತಿಂದ ನಾನು ಅವರ ಜೊತೆ ಮಾತಾಡಿಲ್ಲ" ಎಂದರು ಅವರೇ. "ಒಂದೇ ಮಾತು ಆಡಿದ್ದು. ನೀವು ಹೇಳಿ ಬಂದ್ರಿ, ಆ ನಿಮ್ಮ ಸತ್ಯವನ್ನ ಇನ್ನು ದಿನಾ ನಾನು ಒಗೀಬೇಕು ಅಂದೆ. ಊಟ ಮಾಡ್ತಿದ್ದವರು ಕೈ ತೊಳ್ಕೊಂಡು ಎದ್ರು."

"ಅತ್ತಿಗೆ, ಖಾಲಿ ಕಾಗದ ಕೆಳಗೇ ಇರಲಿ ಅಂದವಳು ನಾನು."

ಕಾಲರಿನ ಮೇಲೆ ಓಡುತ್ತಿದ್ದ ಇಸ್ತ್ರಿ ಪೆಟ್ಟಿಗೆ ನಿಂತಿತು.

"ಅವರಲ್ಲ. ಅವರು ತಪ್ಪಲ್ವಾ ಅಂತ ಕೇಳಿದ್ರು. ಯಾರಿಗೆ ತಪ್ಪು ಅಂತ ನಾನೇ ಬಾಯಿ ಮುಚ್ಚಿಸಿದೆ. ಅಲ್ಲಿ ಅವರು ನನ್ನ ಉಳಿಸಿದ್ರು, ನಾನೂ ಸರಿ ಅಂದುಬಿಟ್ಟೆ." ಇನ್ನೂ ಏನೇನೋ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಅಸಹ್ಯವಾಯಿತು.

ಅತ್ತಿಗೆ ಕೇಳಿಸಿಕೊಂಡರು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಸಮಾಧಾನ ಹೇಳುತ್ತಾರೆ, ಇಲ್ಲವೇ ಕತ್ತು ಹಿಡಿದು ಹೊರಗೆ ಹಾಕುತ್ತಾರೆ, ಎರಡಕ್ಕೂ ತಯಾರಾಗಿದ್ದೆ. ಅವರು ನನ್ನ ಕಾಲನ್ನು ನೋಡಿದರು.

"ನಿಮ್ಮ ಮೊಣಕಾಲು ಚೆನ್ನಾಗಿದಾವಾ?"

"ಹೂಂ."

"ಹಾಗಾದ್ರೆ ಇನ್ಮೇಲೆ ನೀವು ಹತ್ತಿ."

ಅಷ್ಟು ಹೇಳಿ ಮತ್ತೆ ಅಂಗಿಗೆ ಬಗ್ಗಿದರು.

ಮರುದಿನ ಸಾಹೇಬರ ಮುಂದೆ ನಿಂತು, ತೂಕ ಹೇಗೂ ಬೇರೆ ಊರಿಗೆ ಹೋಗುತ್ತದೆ, ನನ್ನ ಕೋಣೆಗೆ ಅರ್ಧ ಬೀಗ ಬಿದ್ದಿದೆ, ಟೆಲಿಫೋನ್ ಕಟ್ಟಡ ನನಗೆ ಕೊಡಿ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ಫೈಲಿಗೆ ಹಾಕಿದರು. ಉತ್ತರಕ್ಕೆ ಕಾಯದೆ ಹತ್ತಿದೆ.

ಮೊದಲ ದಿನ ಮಹಡಿಯಣ್ಣ ಜೊತೆಗೆ ಬಂದರು. ನಾನು ಬೇಡವೆಂದರೂ ಮೇಲಿನವರೆಗೆ ಹತ್ತಿದರು. ನಾನು ಎರಡನೇ ಅಂತಸ್ತಿಗೇ ಏದುಸಿರು ಬಿಡುತ್ತಿದ್ದೆ. ಅವರು ಪ್ರತಿ ಮೆಟ್ಟಿಲಿಗೂ ಕಂಬಿ ಹಿಡಿದು, ಬಲಗಾಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಹೀಗೆ ನೂರ ನಾಲ್ಕು ಮೆಟ್ಟಿಲು. ನನಗೆ ಅದನ್ನು ನೋಡಲಾಗಲಿಲ್ಲ. ಆ ಲಕೋಟೆಗಳನ್ನು ಹೊಸ್ತಿಲಲ್ಲಿ ನಿಂತು ತೆಗೆದುಕೊಳ್ಳುವಾಗ, ಒಂದು ದಿನ ತಡವಾದರೆ "ಎಲ್ಲಿ ಹಾಳಾಗಿ ಹೋಗಿದ್ರಿ" ಎಂದು ರೇಗಿದವಳು ನಾನು.

ಮೇಲೆ ಯಂತ್ರ ಇತ್ತು, ಸಣ್ಣ ತಗಡಿನ ಮನೆಯ ಹಾಗೆ. ಮುಚ್ಚಳ ಎತ್ತುವುದು, ಚೌಕಟ್ಟಿನ ನಾಲ್ಕು ತಿರುಪು ಸಡಿಲಿಸುವುದು, ಕಾಗದದ ಒರಟು ಮಗ್ಗುಲು ಮೇಲೆ ಬರುವಂತೆ ಇಡುವುದು, ಗಾಳಿ ಬೀಸುವಾಗ ಬೆನ್ನು ಕೊಟ್ಟು ನಿಲ್ಲುವುದು, ಎಲ್ಲ ಕಲಿಸಿದರು. "ಬೆರಳು ತಾಗಿಸ್ಬೇಡ, ಬೆರಳಿಗೂ ತೂಕ ಇದೆ" ಎಂದರು. ಅದು ನಾನೇ ಅವರಿಗೆ ಬೈಯುವಾಗ ಹೇಳುತ್ತಿದ್ದ ಮಾತು. ಛಾವಣಿಯ ಅಂಚಿನಿಂದ ಬೀದಿ ಕಾಣುತ್ತಿತ್ತು. ಹಗ್ಗದ ಮೇಲೆ ಅತ್ತಿಗೆ ಹಾಕಿದ ಬಟ್ಟೆ ಕಾಣುತ್ತಿತ್ತು. ಚಿಮಣಿ ಎಷ್ಟು ಹತ್ತಿರವಿತ್ತೆಂದರೆ ಅದರ ಸದ್ದು ಕೇಳಿಸುತ್ತಿತ್ತು. ಚಿಮಣಿಗೂ ಸದ್ದಿರುತ್ತದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮೊದಲ ಖಾಲಿ ಕಾಗದವನ್ನು ನಾನೇ ಇಟ್ಟೆ, ಕಾಲು ಗಂಟೆ ಪಕ್ಕದಲ್ಲೇ ಕಾದೆ, ತೆಗೆದೆ. ವಾರ ಕಳೆದು ಬೇರೆ ಊರಿನಿಂದ ತೂಕ ಬಂತು. ಗಾಳಿ ಎಳೆಯದೆ, ಸುಮ್ಮನೆ ಹೋಗಿ ಬಂದ ಕಾಗದ ಆರು ಮಿಲಿಗ್ರಾಂ ಹೆಚ್ಚು ತೂಗಿತ್ತು. ನಮ್ಮ ನೂರ ಐವತ್ತಾರರ ತೂಕ ನೋಡಿದ ಕ್ಷಣವೇ ಆ ಮುದುಕರಿಗೆ ಎಲ್ಲ ಅರ್ಥವಾಗಿರಬೇಕು.

ವರ್ಷವನ್ನು ವಿವರಿಸುವುದಿಲ್ಲ. ವಾರಕ್ಕೆ ಎರಡು ಅಳತೆ, ಎಂದರೆ ನಾಲ್ಕು ಸಲ ಹತ್ತುವುದು, ಹದಿನೈದು ದಿನಕ್ಕೊಮ್ಮೆ ಖಾಲಿ ಕಾಗದಕ್ಕೆ ಇನ್ನೊಂದು ಸಲ. ಜ್ವರ ಬಂದಾಗಲೂ ಹತ್ತಿದೆ. ತಪ್ಪಿಸುವಂತಿರಲಿಲ್ಲ, ಒಂದು ತಪ್ಪಿದರೆ ವರ್ಷ ಮತ್ತೆ ಮೊದಲಿನಿಂದ. ಅಳೆಯುತ್ತಿದ್ದಾರೆ ಎಂದು ಸ್ಥಾವರದವರು ಎರಡನೇ ಘಟಕವನ್ನು ಕಡಿಮೆ ಓಡಿಸುತ್ತಾರೇನೋ ಎಂದು ಬೀದಿಯವರಿಗೆ ಆತಂಕವಿತ್ತು. ಆದರೆ ಆ ವರ್ಷ ಬಿಸಿಲು ಜೋರು, ಊರಿಗೆ ಕರೆಂಟು ಸಾಲದೆ ಘಟಕ ಒಂದು ದಿನವೂ ನಿಲ್ಲಲಿಲ್ಲ. ಮಹಡಿಯಣ್ಣ ಎಂಟನೇ ತಿಂಗಳಿಗೆ ನಿವೃತ್ತರಾದರು. ಬೀಳ್ಕೊಡುಗೆಗೆ ಸಾಹೇಬರು ಬರಲಿಲ್ಲ, ನಾವು ಐದು ಜನ ಬಿಸ್ಕತ್ತು ತಿಂದೆವು. ಆಮೇಲೂ ಅವರು ವಾರಕ್ಕೊಮ್ಮೆ ಟೆಲಿಫೋನ್ ಕಟ್ಟಡದ ಕೆಳಗೆ ಬಂದು ಮೊದಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಇಳಿದಾಗ, "ಮೋಟಾರಿನ ಸದ್ದು ಸರಿ ಇದ್ಯಾ?" ಎಂದು ಕೇಳುತ್ತಿದ್ದರು.

ಅತ್ತಿಗೆ ಅವರ ಜೊತೆ ಮಾತು ಶುರುಮಾಡಿದ್ದು ಯಾವಾಗ ಎಂದು ನನಗೆ ತಿಳಿಯದು. ಆರನೇ ತಿಂಗಳಲ್ಲಿ ಒಂದು ದಿನ ಹೋದಾಗ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುತ್ತ, "ಅಲ್ಲಾಡಬೇಡಿ, ಎಮ್ಮೆ ಕರು ಹಾಗೆ" ಎಂದು ಗದರಿಸುತ್ತಿದ್ದರು. ನನಗೆ ಜೀವ ಬಂದ ಹಾಗಾಯಿತು.

ಹೋದ ತಿಂಗಳು ಆದೇಶ ಬಂತು. ಅದೇ ಸಭಾಂಗಣ, ಅದೇ ಅಧಿಕಾರಿ. ರಸಾಯನತಜ್ಞರು ಪುಸ್ತಕ ಮುಚ್ಚಿ, "ನನ್ನ ಕಡೆಯಿಂದ ಏನೂ ಇಲ್ಲ" ಎಂದರು. ಹೊಸ ವರ್ಷದ ಸರಾಸರಿ, ಖಾಲಿ ಕಾಗದದ್ದು ಕಳೆದ ಮೇಲೆ, ನೂರ ಎಪ್ಪತ್ತಾರು. ಹದಿನೆಂಟು ತಿಂಗಳೊಳಗೆ ಎರಡನೇ ಘಟಕಕ್ಕೆ ಬೂದಿ ಹಿಡಿಯುವ ಯಂತ್ರ ಕೂರಿಸಬೇಕು.

ನೇರ ಅವರ ಮನೆಗೆ ಓಡಿದೆ. ಗೆದ್ದ ಖುಷಿಗಲ್ಲ. ದಾರಿಯುದ್ದಕ್ಕೂ ಹಳೆಯ ಸರಾಸರಿಯಿಂದ ಹೊಸದನ್ನು ಕಳೆದು ನೋಡುತ್ತಿದ್ದೆ. ಮಹಡಿಯಣ್ಣ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅತ್ತಿಗೆ ಆದೇಶ ಕೇಳಿ, "ಹದಿನೆಂಟು ತಿಂಗಳಾ? ಆಗಲಿ, ಇಷ್ಟು ದಿನ ಒಗ್ದಿದೀನಿ" ಎಂದು ಹೇಳಿ ಹಗ್ಗದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರು. ಇಸ್ತ್ರಿ ಕೆಲಸಕ್ಕೆ ಈಗ ಮೂರೇ ಮನೆ ಉಳಿದಿವೆ.

ನಾನು ತಡೆಯಲಾರದೆ ಹೇಳಿಬಿಟ್ಟೆ. "ಅಣ್ಣ, ಆಗ ನೂರ ಎಪ್ಪತ್ತೊಂಬತ್ತು, ಈಗ ನೂರ ಎಪ್ಪತ್ತಾರು. ಬರೀ ಮೂರು ವ್ಯತ್ಯಾಸ! ನಮ್ಮ ಲೆಕ್ಕ ಸರಿಯಾಗೇ ಇತ್ತು. ಆರು ವರ್ಷವೂ ಸರಿಯಾಗೇ ಇತ್ತು. ಅವತ್ತು ನೀವು ಹೋಗಿತ್ತು ಅಂದಿದ್ರೆ ಯಾರಿಗೂ ಅನ್ಯಾಯ ಆಗ್ತಿರಲಿಲ್ಲ. ಇಷ್ಟೊತ್ತಿಗೆ ಯಂತ್ರ ಬರೋ ದಿನ ಹತ್ರ ಬಂದಿರ್ತಿತ್ತು. ಸುಮ್ಮನೆ ಒಂದು ವರ್ಷ ಹಾಳಾಯ್ತಲ್ಲ!"

ಅವರು ಮೊಣಕಾಲು ಸವರಿಕೊಂಡರು.

"ಸರಿಯಾಗಿತ್ತು ಅಂತ ನಿನಗೆ ಯಾವಾಗ ಗೊತ್ತಾಯ್ತು ತಂಗಿ?"

"ಇವತ್ತು."

"ನನಗೂ ಇವತ್ತೇ ಗೊತ್ತಾಗಿದ್ದು" ಎಂದರು.

ಆರು ವರ್ಷ ಆ ಅಂಕಿಗಳನ್ನು ನಾಲ್ಕು ದಶಾಂಶದವರೆಗೆ ಬರೆದವಳು ನಾನು. ಅವು ಸರಿಯಿವೆ ಎಂದು ಮೆಟ್ಟಿಲ ಹಿಂದೆ ಆಣೆಯಿಟ್ಟ ಹಾಗೆ ಹೇಳಿದವಳೂ ನಾನೇ. ನನಗೆ ಗೊತ್ತಿರಲಿಲ್ಲ. ಅಳತೆ ಸರಿಯೋ ತಪ್ಪೋ ನಮಗೆ ಗೊತ್ತಿಲ್ಲ ಎಂಬುದನ್ನು ಆ ಸಭಾಂಗಣದಲ್ಲಿ ಒಪ್ಪಿಕೊಂಡವರು ಅವರೊಬ್ಬರೇ. ನಾನು ಅಲ್ಲೇ ಇಸ್ತ್ರಿ ಮೇಜಿನ ಪಕ್ಕ ಕೂತು ಅತ್ತುಬಿಟ್ಟೆ.